ಕಲ್ಲೇಶಿಯ ಗಾಡಿಗೊಂದು ಮಿದುಳು

ಮೊನ್ನೆ ಭಾನುವಾರ ಅಟ್ಟ ಗುಡಿಸಲೆಂದು ಏಣಿ ಹತ್ತಿದ ನನ್ನ ಹೆಂಡತಿ ಸುಮಿತ್ರ, ಮೇಲಿಂದಲೇ ಒಂದು ಬೂದುಬಣ್ಣದ ಪ್ಲಾಸ್ಟಿಕ್ ತುಂಡನ್ನು ಎತ್ತಿ ತೋರಿಸಿ, "ರೀ, ಇದು ಯಾವ ಮಿಕ್ಸಿದು?" ಎಂದಳು. ಅಂಗೈ ಅಗಲದ ಕನೆಕ್ಟರ್ ಅದು. ಜೇನುಹುಟ್ಟಿನ ಹಾಗೆ ಸಾಲುಸಾಲು ತೂತು. ಒಂದೆರಡು ತೂತುಗಳಿಂದ ಹಸಿರು, ಹಳದಿ ವೈರಿನ ತುಂಡುಗಳು ಇನ್ನೂ ನೇತಾಡುತ್ತಿದ್ದವು.

"ಮಿಕ್ಸಿದಲ್ಲ ಕಣೇ, ಕಲ್ಲೇಶಿ ಗಾಡೀದು."

"ಕಲ್ಲೇಶಣ್ಣನ ಗಾಡೀದಾ? ಹಂಗಾರೆ ಇರ್ಲಿ ಬಿಡಿ," ಎಂದು ಸೆರಗಿನಿಂದ ಒರೆಸಿ ಇದ್ದ ಜಾಗದಲ್ಲೇ ಇಟ್ಟಳು. ನಮ್ಮ ಅಟ್ಟದಲ್ಲಿ ಇಷ್ಟು ಸುಲಭವಾಗಿ ಕ್ಷಮೆ ಪಡೆದ ವಸ್ತು ಇನ್ನೊಂದಿಲ್ಲ. ನನ್ನ ಐಟಿಐ ಸರ್ಟಿಫಿಕೇಟು ಇರುವ ಟ್ರಂಕನ್ನೇ ಅವಳು ಎರಡು ಸಲ ಗುಜರಿಯವನಿಗೆ ಕೊಡಲು ನೋಡಿದ್ದಳು.

ಮೋಟಾರ್‌ಸೈಕಲ್ಲಿನ ಕತೆ ಎಂದು ನೀವು ಪುಟ ಮಗುಚಬೇಡಿ. ನಾನೂ ಆ ವಿಷಯದಲ್ಲಿ ನಿಮ್ಮಷ್ಟೇ ಬಲ್ಲವನು. ಕಡೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ ಅದರ ತಾಮ್ರದ ಕರುಳನ್ನೆಲ್ಲ ಹೊರಗೆಳೆದು ಹೊಸದಾಗಿ ಸುತ್ತಿಕೊಡುವುದು ನನ್ನ ಕಸುಬು. ತೆಂಗಿನ ತೋಟದವರು ಮೋಟಾರು ಇಳಿಸಿ ನನ್ನ ಮುಂದೆ ನಿಂತಾಗ ಅವರ ಮುಖ ನೋಡಿದರೆ, ಸುಟ್ಟಿರುವುದು ಮೋಟಾರೋ ಅಥವಾ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೋ ಎಂದು ಅನುಮಾನ ಬರುತ್ತದೆ. "ನಾಳೆ ಕೊಡ್ತೀನಿ" ಎಂದರೆ ಅದೇ ಮುಖ ಹುಣ್ಣಿಮೆ. ನಾಡಿದ್ದು ಕೊಡುತ್ತೇನೆ. ಹೀಗೆ ನಡೆದಿದೆ ನನ್ನ ಜೀವನ.

ಕಲ್ಲೇಶಿ ತರೀಕೆರೆಯ ಮೆಕ್ಯಾನಿಕ್. ನಾವಿಬ್ಬರೂ ಅಜ್ಜಂಪುರದ ಹಾಸ್ಟೆಲಿನಲ್ಲಿ ಒಂದೇ ಟ್ರಂಕು ಹಂಚಿಕೊಂಡು ಹೈಸ್ಕೂಲು ಓದಿದವರು. ಟ್ರಂಕು ನನ್ನದು, ಬೀಗ ಅವನದು. ಜಗಳವಾದ ದಿನ ಇಬ್ಬರಿಗೂ ಬದಲಿ ಅಂಗಿ ಸಿಗುತ್ತಿರಲಿಲ್ಲ.

ಆ ಕಾಲಕ್ಕೇ ಅವನ ಕಿವಿ ಊರಿಗೆಲ್ಲ ಗೊತ್ತಿತ್ತು. ಕಿಟಕಿ ಪಕ್ಕ ಕೂತು ಪಾಠ ಕೇಳುತ್ತಲೇ, "ಹೊಸದುರ್ಗದ ಬಸ್ಸು ಬಂತು, ಇವತ್ತು ಡ್ರೈವರ್ ಬೇರೆ," ಎನ್ನುತ್ತಿದ್ದ. ಬಸ್ಸು ಕಾಣಿಸುವುದು ಆಮೇಲೆ. ನಮ್ಮ ಸಮಾಜದ ಮೇಷ್ಟ್ರಿಗೆ ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಒಂದು ಗಳಿಗೆ ಕಣ್ಣು ಮುಚ್ಚುವ ಅಭ್ಯಾಸ. ಮಲಗುವ ಮೊದಲು, "ಕಲ್ಲೇಶಪ್ಪಾ, ಹೆಡ್ಮಾಸ್ಟ್ರ ಗಾಡಿ ನೋಡ್ಕೋ," ಎನ್ನುತ್ತಿದ್ದರು. ನೋಡುವುದೇನು, ಹೆಡ್ಮಾಸ್ಟರ ಮೊಪೆಡ್ಡು ದನದ ಫಾರಮ್ಮಿನ ತಿರುವು ದಾಟುವಾಗಲೇ ಇವನು ಬೆಂಚು ಕುಟ್ಟುತ್ತಿದ್ದ. ಮೇಷ್ಟ್ರು ಎದ್ದು ಅಕ್ಬರನ ಆಡಳಿತ ಶುರುಮಾಡುತ್ತಿದ್ದರು.

ನನ್ನ ಕಿವಿಯ ವಿಷಯ ಹೇಳದಿರುವುದೇ ಮೇಲು. ಆಗಸ್ಟ್ ಹದಿನೈದಕ್ಕೆ ಹಾಡಲು ನಿಲ್ಲಿಸಿದಾಗ ಮೇಡಮ್ಮು ನನ್ನ ಹತ್ತಿರ ಬಂದು, "ಚಂದ್ರು, ನೀನು ಬಾಯಿ ಮಾತ್ರ ಆಡಿಸಪ್ಪ," ಎಂದಿದ್ದರು. ನಾನು ಬಹಳ ಶ್ರದ್ಧೆಯಿಂದ ಬಾಯಿ ಆಡಿಸಿದೆ. ಫೋಟೋದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡಿರುವವನು ನಾನೇ.

ಮುಂದೆ ಕಲ್ಲೇಶಿ ಅದೇ ಕಿವಿಯಿಂದ ಅನ್ನ ಸಂಪಾದಿಸಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ಡಾಕ್ಟರು ಎದೆ ನೋಡಿದಂತೆ ನೋಡುತ್ತಿದ್ದ. ಕಾರ್ಬೊರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, "ತಗೊಂಡು ಹೋಗಿ," ಎನ್ನುತ್ತಿದ್ದ. ಅಮೃತಾಪುರದ ಕಡೆಯಿಂದ, ಲಿಂಗದಹಳ್ಳಿಯಿಂದ ಗಾಡಿ ತಳ್ಳಿಕೊಂಡಾದರೂ ಅವನ ಹತ್ತಿರವೇ ಬರುವವರಿದ್ದರು.

ಐವತ್ತಕ್ಕೆ ಒಂದು ವರ್ಷ ಕಮ್ಮಿ ಇರುವಾಗ ಅವನಿಗೆ ಒಂದು ಆಸೆ ಹುಟ್ಟಿತು. ಇಷ್ಟು ವರ್ಷ ಊರವರ ಗಾಡಿ ಓಡುವ ಹಾಗೆ ಮಾಡಿದ್ದಾಯಿತು, ಒಂದು ಸಲ ತನ್ನದೇ ಗಾಡಿ ಕಟ್ಟಿ ಡ್ರ್ಯಾಗ್ ರೇಸಿನಲ್ಲಿ ಓಡಿಸಬೇಕು. ನಾನೂರು ಮೀಟರ್ ನೇರ ದಾರಿ, ಹಸಿರು ದೀಪ ಹತ್ತಿದ ಕೂಡಲೇ ಹೋಗುವುದು, ಅಷ್ಟೇ. "ಅಷ್ಟು ದೂರಕ್ಕೆ ನಮ್ಮಪ್ಪ ನಡ್ಕೊಂಡೇ ಹೋಗ್ತಿದ್ರು," ಎಂದು ಅವನ ಹೆಂಡತಿ ಪುಷ್ಪ ಹೇಳಿದಳಂತೆ. ಚಿಕ್ಕಮಗಳೂರಿನ ಯಾರೋ ಬಿದ್ದು ಬೇಸರಪಟ್ಟು ಮಾರಿದ ಒಂದು ಸ್ಪೋರ್ಟ್ಸ್ ಬೈಕ್ ಕೊಂಡ. ಸಿಲಿಂಡರ್ ಒಂದೇ, ಆದರೆ ಬಲ ಮಸ್ತು. ಅದರ ಸಿಲಿಂಡರಿನ ಒಳಕೊಳವೆ ಕೊರೆಸಿ ದೊಡ್ಡದು ಮಾಡಿಸಿದ, ಹೊಸ ಪಿಸ್ಟನ್ ಹಾಕಿದ, ಕ್ಯಾಮ್ ಬದಲಿಸಿದ.

ಇಲ್ಲಿ ಒಂದು ತೊಡಕಿದೆ. ಈಗಿನ ಗಾಡಿಗಳಲ್ಲಿ ಕಾರ್ಬೊರೇಟರ್ ಇರುವುದಿಲ್ಲ. ಸೀಟಿನ ಕೆಳಗೆ ಒಂದು ಪುಟ್ಟ ಡಬ್ಬಿ ಇರುತ್ತದೆ, ಇಸಿಯು ಎನ್ನುತ್ತಾರೆ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ನೀವು ಆಕ್ಸಿಲರೇಟರ್ ಎಷ್ಟು ತಿರುವಿದ್ದೀರಿ, ಒಳಗೆ ಹೋಗುವ ಗಾಳಿ ಬಿಸಿಯೋ ತಂಪೋ, ಎಲ್ಲವನ್ನೂ ನೋಡಿಕೊಂಡು, ಇಷ್ಟು ಪೆಟ್ರೋಲು ಬಿಡು, ಈಗ ಕಿಡಿ ಹಚ್ಚು ಎಂದು ಅದು ಕ್ಷಣಕ್ಷಣಕ್ಕೂ ಅಪ್ಪಣೆ ಕೊಡುತ್ತದೆ. ಕಂಪನಿಯವರು ಅದರ ಲೆಕ್ಕಕ್ಕೆ ಬೀಗ ಹಾಕಿ ಕಳಿಸಿರುತ್ತಾರೆ. ಕಲ್ಲೇಶಿ ಎಂಜಿನ್ನಿನ ಹೊಟ್ಟೆ ದೊಡ್ಡದು ಮಾಡಿದ್ದು ಆ ಡಬ್ಬಿಗೆ ಗೊತ್ತೇ ಇಲ್ಲ. ಅದು ಹಳೆಯ ಅಳತೆಯಲ್ಲೇ ಬಡಿಸುತ್ತಿತ್ತು.

ಕಲ್ಲೇಶಿ ಡಬ್ಬಿಯನ್ನೇ ಕಿತ್ತು ಪಕ್ಕಕ್ಕಿಟ್ಟ. ಹಳೇ ಕಾಲದ ರೇಸಿನ ಕಾರ್ಬೊರೇಟರ್ ಒಂದನ್ನು, ಕಿಡಿ ಹಚ್ಚಲು ಹಳೇ ಗಾಡಿಯ ಇಗ್ನಿಷನ್ ಒಂದನ್ನು ಎಲ್ಲಿಂದಲೋ ತರಿಸಿ ಕೂರಿಸಿದ. "ಡಬ್ಬಿ ಏನ್ ಕೇಳಿಸ್ಕೊಳ್ತದೋ? ನಾನಿದೀನಲ್ಲ," ಎಂದ.

ಟ್ಯೂನಿಂಗ್ ದಿನ ನನ್ನನ್ನೂ ಕರೆದಿದ್ದ. ಹಿಂದಿನ ಚಕ್ರವನ್ನು ರೋಲರಿನ ಮೇಲೆ ಕೂರಿಸಿ, ಅದಕ್ಕೆ ಬ್ರೇಕಿನ ಭಾರ ಕೊಟ್ಟು, ಆಕ್ಸಿಲರೇಟರ್ ತಿರುವಿದ. ಆಗ ನನಗೊಂದು ಸದ್ದು ಕೇಳಿಸಿತು. ದೊಡ್ಡ ಗರ್ಜನೆಯ ಒಳಗೆ, ಸ್ಟೀಲ್ ಲೋಟದಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ, ಸಣ್ಣಗೆ, ಚುರುಕಾಗಿ. ನಾನು ಕಲ್ಲೇಶಿಯ ಮುಖ ನೋಡಿದೆ. ಅವನು ಎಂಜಿನ್ನಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ, "ಕ್ಲೀನಾಗಿದೆ!" ಎಂದು ಕೂಗಿದ.

ಬಾಯಿ ಮಾತ್ರ ಆಡಿಸಬೇಕಾದವನು ನಾನು. ನನ್ನ ಕಿವಿಗೆ ಏನೋ ಕೇಳಿಸಿದರೆ ಅದು ನನ್ನ ಕಿವಿಯ ದೋಷವೇ ಇರಬೇಕು. ಸುಮ್ಮನಿದ್ದೆ.

ಮೂರನೆಯ ಸಲ ತಿರುವಿದಾಗ ಎಂಜಿನ್ ಉಸಿರು ಕಟ್ಟಿದ ಹಾಗೆ ನಿಂತಿತು. ಬಿಚ್ಚಿ ನೋಡಿದರೆ ಹೊಸ ಪಿಸ್ಟನ್ನಿನ ತಲೆಯ ಮೇಲೆ ತೂತು, ದೋಸೆ ಕಾವಲಿಗೆ ಅಂಟಿಕೊಂಡು ಹರಿದ ಹಾಗೆ. ಕಲ್ಲೇಶಿ ಅದನ್ನು ಬೆಳಕಿಗೆ ಹಿಡಿದು ತೂತಿನ ಅಂಚಿಗೆ ಬೆರಳಾಡಿಸಿದ. "ನಾಕಿಂಗ್ ಆಗಿದೆ," ಎಂದ, ತನ್ನಷ್ಟಕ್ಕೇ. ಕಿಡಿ ಹೊತ್ತುವ ಮುಂಚೆಯೋ ತಪ್ಪು ಹೊತ್ತಿನಲ್ಲೋ ಒಳಗೆ ಪೆಟ್ರೋಲು ಸಿಡಿಯುವುದಕ್ಕೆ ಹಾಗೆನ್ನುತ್ತಾರೆ. ಹಾಗಾಗುವಾಗ ಬರುವ ಸದ್ದೇ ಆ ಕಡಲೆಕಾಳು.

ಹೊರಡುವಾಗ ಪುಷ್ಪ ನನಗೆ ಟೀ ಕೊಡುವ ನೆಪದಲ್ಲಿ ಹಿತ್ತಲ ಬಾಗಿಲ ಹತ್ತಿರ ಕರೆದಳು.

"ಅಣ್ಣಾ, ಒಂದ್ ಮಾತು. ಯಾರಿಗೂ ಹೇಳ್ಬೇಡಿ. ಅವರಿಗೆ ಕುಕ್ಕರ್ ವಿಷಲ್ ಕೇಳ್ಸಲ್ಲ."

"ಯಾವಾಗ್ಲಿಂದ?"

"ಎರಡು ವರ್ಷ ಆಯ್ತು. ದಪ್ಪ ಸದ್ದೆಲ್ಲ ಕೇಳ್ಸುತ್ತೆ, ಸಣ್ಣ ಸದ್ದು ಇಲ್ಲ. ಫೋನ್ ರಿಂಗಾದ್ರೆ ನಾನೇ ತಂದು ಕೈಗೆ ಕೊಡ್ಬೇಕು. ಡಾಕ್ಟರ ಹತ್ರ ಹೋಗಣ ಅಂದ್ರೆ ಎರಡು ದಿನ ಊಟ ಬಿಡ್ತಾರೆ. ಗಿರಾಕಿಗಳಿಗೆ ಗೊತ್ತಾದ್ರೆ ಏನು ಗತಿ ಅಂತ ಅವರಿಗೆ."

ಬೀರೂರಿನ ಮೇಲಾಗಿ ಬಸ್ಸಿನಲ್ಲಿ ವಾಪಸು ಬರುವಾಗ ಒಂದೊಂದೇ ಹೊಳೆಯಿತು. ಈಚೆಗೆ ಅವನು ಯಾವ ಗಾಡಿ ಬಂದರೂ ಟ್ಯಾಂಕಿನ ಮೇಲೆ ಅಂಗೈ ಇಟ್ಟೇ ಮಾತಾಡುತ್ತಿದ್ದ. ಕಿವಿ ಬಿಟ್ಟುಕೊಟ್ಟ ಕೆಲಸವನ್ನು ಕೈ ಮಾಡುತ್ತಿತ್ತು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಅವನ ಗಂಟಲು ಯಾವಾಗ ನೋಡಿದರೂ ಜಾತ್ರೆಯಲ್ಲಿ ಮಾತಾಡಿದ ಹಾಗೆ ಏಕೆ ಏರಿರುತ್ತಿತ್ತು ಎನ್ನುವುದೂ ಆಗಲೇ ತಿಳಿದಿದ್ದು.

ಪುಷ್ಪ ಹೇಳಿದ್ದನ್ನು ಹೇಳುವ ಹಾಗಿಲ್ಲ. ಹಾಗಾಗಿ ನಾನು ಕಾರ್ಬೊರೇಟರನ್ನು ದೂರಿದೆ. "ಕಾಲ ಬದಲಾಗಿದೆ ಕಣೋ. ಕಂಪನಿ ಡಬ್ಬಿ ಬೇಡ, ಸರಿ. ನಾವೇ ಲೆಕ್ಕ ಬರೆಯೋ ಅಂಥದ್ದು, ಬೀಗ ಇಲ್ದೇ ಇರೋ ಬೇರೆ ಡಬ್ಬಿ ಸಿಗ್ತದೆ. ಅದನ್ನ ಹಾಕಣ. ಆರಿಸೋದು ನನಗೆ ಬಿಡು." ಸುಟ್ಟ ಪಿಸ್ಟನ್ ಮೇಜಿನ ಮೇಲಿತ್ತು. ಅವನು ಬೇಡವೆನ್ನಲಿಲ್ಲ.

ನನ್ನ ಜೀವನದಲ್ಲಿ ನಾನು ಅಷ್ಟು ಓದಿದ್ದು ಐಟಿಐ ಪರೀಕ್ಷೆಗೂ ಇಲ್ಲ. ಒಂದು ತಿಂಗಳು, ಅಂಗಡಿಗೆ ಬಂದ ಮದುವೆ ಕಾಗದಗಳ ಬೆನ್ನಿನ ಮೇಲೆಲ್ಲ ಬರೆದೆ: ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಎಷ್ಟು, ಕಿಡಿಯ ಕಾಯಿಲ್ ಎಷ್ಟು, ಕ್ರ್ಯಾಂಕಿನ ಚಕ್ರಕ್ಕೆ ಎಷ್ಟು ಹಲ್ಲು. ಸುಮಿತ್ರ ಒಂದು ಕಾಗದ ತಿರುಗಿಸಿ, "ಈ ಮದುವೆ ನಿನ್ನೆ ಆಗೋಯ್ತಲ್ರೀ!" ಎಂದಳು. ಅವಳ ಸೋದರತ್ತೆಯ ಮೊಮ್ಮಗಳ ಮದುವೆ ಅದು. ಅದರ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಮೊದಲು ನನ್ನ ಕಣ್ಣು ಬಿದ್ದದ್ದು ಹೊರದೇಶದ ಒಂದು ಡಬ್ಬಿಯ ಮೇಲೆ. ಏನುಂಟು ಏನಿಲ್ಲ! ಚಕ್ರ ಜಾರಿದರೆ ಹಿಡಿಯುತ್ತದೆ, ರೇಸ್ ಹೊರಡುವಾಗ ಮುಂದಿನ ಚಕ್ರ ಏಳದ ಹಾಗೆ ನೋಡಿಕೊಳ್ಳುತ್ತದೆ, ಜೊತೆಗೆ ಬಣ್ಣದ ಪರದೆ. ಬೆಂಗಳೂರಿನ ಡೀಲರನಿಗೆ ಫೋನ್ ಮಾಡಿದೆ. ಆತ ಬಹಳ ಮರ್ಯಾದೆಯಿಂದ, "ಎಂಟು ಸಿಲಿಂಡರ್‌ವರೆಗೂ ಸಪೋರ್ಟ್ ಮಾಡುತ್ತೆ ಸರ್, ನಿಮ್ಮದು ಎಷ್ಟು ಸಿಲಿಂಡರ್?" ಎಂದ. "ಒಂದು," ಎಂದೆ.

ಕಲ್ಲೇಶಿಗೆ ಇದನ್ನು ಹೇಳಿದರೆ, "ಒಂದು ಎಮ್ಮೆ ಕಟ್ಟಕ್ಕೆ ಎಂಟು ಗೂಟ ಯಾಕೋ?" ಎಂದ.

ಎರಡನೆಯದು ಅಗ್ಗದ್ದು. ಅದು ತಾನೇ ಲೆಕ್ಕ ಮಾಡುವುದಿಲ್ಲ. ಕಂಪನಿಯ ಡಬ್ಬಿಯ ಪಕ್ಕ ಕೂತು ಅದಕ್ಕೆ ತಪ್ಪು ಸುದ್ದಿ ಕೊಡುತ್ತಾ ಹೆಚ್ಚು ಪೆಟ್ರೋಲು ಬಿಡಿಸುತ್ತದೆ. "ಚಾಡಿ ಹೇಳೋ ಡಬ್ಬಿ. ಅದು ಬ್ಯಾಡ," ಎಂದು ಕಲ್ಲೇಶಿ ಒಂದೇ ಮಾತಿಗೆ ತಳ್ಳಿಹಾಕಿದ.

ಮೂರನೆಯದರಲ್ಲಿ ನನ್ನ ಅಹಂಕಾರವಿತ್ತು. ಬಿಡಿಭಾಗ ತರಿಸಿಕೊಂಡು ನಾವೇ ಬೆಸುಗೆ ಹಾಕಿ ಕಟ್ಟಿಕೊಳ್ಳುವ ಬೋರ್ಡು. ಇಪ್ಪತ್ತೈದು ವರ್ಷ ತಾಮ್ರದ ಜೊತೆ ಸಂಸಾರ ಮಾಡಿದವನಿಗೆ ಇದೇನು ಮಹಾ ಎಂದು ಎಂಟು ದಿನ ಕೂತು ಕಟ್ಟಿದೆ. ಗಾಡಿಗೆ ಹೊಸ ಪಿಸ್ಟನ್ ಬಂದಿತ್ತು, ಕಾರ್ಬೊರೇಟರಿನ ಜಾಗಕ್ಕೆ ಮೊದಲಿನ ಇಂಜೆಕ್ಟರೂ ವಾಪಸು ಬಂದಿತ್ತು. ಬೋರ್ಡು ಕೂರಿಸಿ ಸ್ಟಾರ್ಟ್ ಒತ್ತಿದೆ. ಸೈಲೆನ್ಸರಿನಿಂದ ಗರ್ನಾಲು ಸಿಡಿದ ಹಾಗೆ ಢಂ ಎಂದು ಹಾರಿತು. ಎದುರಿನ ಟೀ ಅಂಗಡಿಯವನು ಗ್ಲಾಸು ಬಿಟ್ಟ. ನೋಡಿದರೆ, ಕ್ರ್ಯಾಂಕಿನ ಹಲ್ಲು ಎಣಿಸುವ ಸೆನ್ಸರಿಗೆ ಇರುವುದೇ ಎರಡು ವೈರು, ಅವೆರಡನ್ನೂ ನಾನು ಅದಲುಬದಲು ಮಾಡಿದ್ದೆ. ಬೋರ್‌ವೆಲ್ ಮೋಟಾರಿನಲ್ಲಿ ಹಾಗಾದರೆ ಅದು ಉಲ್ಟಾ ತಿರುಗುತ್ತದೆ, ಅಷ್ಟೇ. ಯಾರಿಗೂ ಗೊತ್ತಾಗುವ ಮೊದಲು ಸರಿ ಮಾಡಬಹುದು.

"ಲೇ, ಊರ ಮೋಟಾರೆಲ್ಲ ಉಲ್ಟಾ ತಿರುಗಿಸಿದೋನು ಅಂತ ಗೊತ್ತಿತ್ತು. ನನ್ನ ಎಂಜಿನ್ನೂ ತಿರುಗಿಸಬೇಕಾ?" ಎಂದು ಕಲ್ಲೇಶಿ ನಕ್ಕ. ವೈರು ಸರಿ ಮಾಡಿದ ಮೇಲೆ ಓಡಿತು. ಆದರೆ ಬಿಸಿಲಿಗೆ ಹತ್ತು ನಿಮಿಷ ನಿಂತರೆ ನನ್ನ ಬೋರ್ಡಿಗೆ ತಲೆಸುತ್ತು. ಎಲ್ಲ ಮರೆತು ಮತ್ತೆ ಒಂದರಿಂದ ಶುರು. ಯಾಕೆ ಎಂದು ಕೇಳಲು ಹತ್ತಿರದಲ್ಲಿ ಜನವಿಲ್ಲ. ಅದನ್ನು ಬಿಚ್ಚುವಾಗ ವೈರಿನ ಗೊಂಚಲನ್ನು ನಾನೇ ಕತ್ತರಿಸಿದೆ. ಅಟ್ಟದ ಮೇಲಿರುವುದು ಅದರದೇ ಕನೆಕ್ಟರ್. ನನ್ನ ಅಹಂಕಾರಕ್ಕೆ ಇಪ್ಪತ್ತಾರು ತೂತು.

ಕೊನೆಗೆ ಸಿಕ್ಕಿದ್ದು ಹುಬ್ಬಳ್ಳಿಯ ಹೆಣ್ಣುಮಗಳು. ವಿಜಯಲಕ್ಷ್ಮಿ ಎಂದು ಹೆಸರು, ಎಂಜಿನಿಯರು. ಒಂದು ಸಣ್ಣ ಶೆಡ್ಡಿನಲ್ಲಿ ಇಬ್ಬರೇ ಕೂತು ಇಂಥ ಡಬ್ಬಿ ಮಾಡುತ್ತಾರೆ ಎಂದು ಯಾರೋ ನಂಬರ್ ಕೊಟ್ಟಿದ್ದರು. ನಾನು ಮದುವೆ ಕಾಗದ ಹಿಡಿದು ಇಂಜೆಕ್ಟರು, ಕಾಯಿಲು ಎಂದು ಶುರುಮಾಡಿದರೆ ಆಕೆ ನಡುವೆಯೇ ತಡೆದಳು.

"ಅದೆಲ್ಲಾ ಆಮ್ಯಾಲೆ ನೋಡೂಣ್ರಿ ಸರ. ಮೊದ್ಲ ಇದನ್ನ ಹೇಳ್ರಿ, ಟ್ಯೂನ್ ಮಾಡಾವ್ರು ಯಾರು?"

"ನನ್ನ ಸ್ನೇಹಿತ."

"ಲ್ಯಾಪ್‌ಟಾಪ್ ರೂಢಿ ಐತೇನ್ರಿ ಅವ್ರಿಗೆ?"

"ಇಲ್ಲ. ಅವನು ಕಿವಿಯಲ್ಲಿ ಮಾಡ್ತಾನೆ."

"ಛಲೋ ಆತಲ್ರಿ! ಹಂಗಾರ ನಾಕಿಂಗ್ ಆದ್ರ ಅವ್ರಿಗೇ ಕೇಳ್ತದ."

ನಾನು ಅಂಗಡಿಯ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಮುಖ ಕಾಣದ ಆ ಹೆಣ್ಣುಮಗಳಿಗೆ, ಸುಮಿತ್ರಳಿಗೂ ಹೇಳದಿದ್ದ ಮಾತನ್ನು ಹೇಳಿಬಿಟ್ಟೆ. ಆಕೆ ಅಯ್ಯೋ ಪಾಪ ಎನ್ನಲಿಲ್ಲ. "ಹೋಗ್ಲಿ ಬಿಡ್ರಿ, ಕಿವಿ ಮಾಡೂ ಕೆಲಸ ಕಣ್ಣಿಗೆ ಹಚ್ಚೂಣು," ಎಂದಳು. ಎಂಜಿನ್ನಿಗೆ ಒಂದು ನಾಕ್ ಸೆನ್ಸರ್, ಸೈಲೆನ್ಸರಿನಲ್ಲಿ ಹೊಗೆ ನೋಡಿ ಪೆಟ್ರೋಲು ಹೆಚ್ಚೋ ಕಮ್ಮಿಯೋ ಹೇಳುವ ಇನ್ನೊಂದು, ಹ್ಯಾಂಡಲಿನ ಮೇಲೆ ಒಂದು ಕೆಂಪು ದೀಪ. ಒಳಗೆ ಸಿಡಿದರೆ ದೀಪ ಹತ್ತುತ್ತದೆ. ಒಂದು ಸಿಲಿಂಡರಿಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಒಂದು ವೈರು ಹೆಚ್ಚಿಲ್ಲ. ಕೆಟ್ಟರೆ ಫೋನ್ ಎತ್ತುವವರು ಕನ್ನಡದಲ್ಲಿ ಎತ್ತುತ್ತಾರೆ. ಒಂದು ತಿಂಗಳು ಓದಿ ನಾನು ಆರಿಸಲಾಗದ್ದನ್ನು ಆಕೆ ಕಾಲು ಗಂಟೆಯಲ್ಲಿ ಆರಿಸಿದಳು.

ಬುದ್ಧಿವಂತನಾದವನು ಪಾರ್ಸಲ್ ಎಲ್ಲಿಗೆ ಕಳಿಸಲು ಹೇಳಬೇಕಿತ್ತು? ಕಡೂರಿಗೆ. ನಾನು ಸಮಯ ಉಳಿಯುತ್ತದೆ ಎಂದು ನೇರ ತರೀಕೆರೆಯ ಗ್ಯಾರೇಜಿಗೆ ಕಳಿಸಿ ಎಂದೆ.

ನಾಲ್ಕನೆಯ ದಿನ ಫೋನ್ ಬಂತು. ಕಲ್ಲೇಶಿ ಹಲೋ ಎನ್ನಲಿಲ್ಲ. ಪಾರ್ಸಲಿನಲ್ಲಿದ್ದ ಒಂದು ಚೀಟಿಯನ್ನು ಗಟ್ಟಿಯಾಗಿ ಓದಿದ: "ಕಲ್ಲೇಶಪ್ಪ ಅವರಿಗೆ ನಮಸ್ಕಾರ. ನಿಮಗ ಕಿವಿ ಸ್ವಲ್ಪ ಮಂದ ಅಂತ ನಿಮ್ಮ ಸ್ನೇಹಿತರು ಹೇಳಿದ್ದಕ್ಕ ದೀಪ ದೊಡ್ಡದು ಹಾಕೀನಿ. ಬಿಸಿಲಾಗೂ ಕಾಣ್ತದ." ಓದಿ ಮುಗಿಸಿ, "ಹುಬ್ಬಳ್ಳಿವರೆಗೂ ಟಾಂಟಾಂ ಹೊಡೆಸಿದ್ದೀಯಲ್ಲೋ!" ಎಂದ. ಫೋನ್ ಇಟ್ಟುಬಿಟ್ಟ.

ಆಮೇಲೆ ಹನ್ನೊಂದು ದಿನ ಮಾತಿಲ್ಲ. ನಾನು ಸಖರಾಯಪಟ್ಟಣದವರೊಬ್ಬರ ಮೋಟಾರಿಗೆ ಒಂದು ಸುತ್ತು ಕಮ್ಮಿ ಸುತ್ತಿ ಎರಡು ಸಲ ಬಿಚ್ಚಿದೆ. ಫೋನ್ ಮಾಡಿದರೆ ಪುಷ್ಪ ಎತ್ತಿ, "ಈಗ ಬೇಡ ಅಣ್ಣಾ," ಎನ್ನುತ್ತಿದ್ದಳು. ಹನ್ನೆರಡನೆಯ ದಿನ ಬೆಳಿಗ್ಗೆ ಸುಮಿತ್ರ, "ತಟ್ಟೆ ಮುಂದೆ ಕೂತು ಹಿಂಗೆ ಉಪ್ಪಿಟ್ಟು ಕೆದಕೋ ಬದ್ಲು ಹೋಗಿ ಬನ್ನಿ. ಬೈದ್ರೆ ಬೈಸ್ಕೊಳ್ಳಿ. ಹೊಸದೇನಲ್ಲವಲ್ಲ," ಎಂದಳು. ಹೋದೆ.

ಕಲ್ಲೇಶಿ ಒಂದು ಸ್ಕೂಟರಿನ ಚಕ್ರ ಬಿಚ್ಚುತ್ತಿದ್ದ. ನನ್ನನ್ನು ನೋಡಿ ನೋಡದ ಹಾಗೆ ಬಿಚ್ಚುತ್ತಲೇ ಇದ್ದ. ನಾನು ಅವನಿಗೆ ಕಾಣುವ ಹಾಗೆ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಅವತ್ತು ನನಗೆ ಸದ್ದು ಕೇಳಿಸಿತ್ತು ಕಣೋ," ಎಂದೆ. "ಕಡಲೆಕಾಳು ಅಲ್ಲಾಡಿಸಿದ ಹಾಗೆ. ಪಿಸ್ಟನ್ ಹೋಗೋ ಮೊದ್ಲು."

ಅವನು ಸ್ಪ್ಯಾನರ್ ಕೆಳಗಿಟ್ಟ. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕ್ಲೀನಾಗಿದೆ ಅಂದೆ. ನಿನಗಿಂತ ನನಗೆ ಚೆನ್ನಾಗಿ ಕೇಳಿಸುತ್ತೆ ಅಂತ ನಾನು ಹೆಂಗೆ ಹೇಳ್ಲಿ?"

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ್ದ ಬೆರಳನ್ನೇ ಮತ್ತೆ ಮತ್ತೆ ಒರೆಸಿಕೊಂಡ. "ನಾನೂ ಹೇಳ್ಲಿಲ್ಲ," ಎಂದ. "ಎರಡು ವರ್ಷದಿಂದ ಅಂದಾಜಿನ ಮೇಲೆ ಗಾಡಿ ಕೊಡ್ತಿದೀನಿ ಕಣೋ. ಪ್ರತಿ ಗಾಡಿ ಹೋಗೋವಾಗ್ಲೂ ಎದೆ ಹೊಡ್ಕೊಳ್ತದೆ, ವಾಪಸ್ ಬರುತ್ತೇನೋ ಅಂತ."

ಅವನೇ ಎದ್ದು, "ಬಾ ಇಲ್ಲಿ," ಎಂದು ಒಳಗೆ ಕರೆದ. ಗಾಡಿಯ ಸೀಟು ತೆಗೆದಿತ್ತು. ಹುಬ್ಬಳ್ಳಿಯ ಡಬ್ಬಿ ಆಗಲೇ ಅಲ್ಲಿ ಕೂತಿತ್ತು. ಅದುರದಿರಲೆಂದು ಸುತ್ತ ಟ್ಯೂಬಿನ ರಬ್ಬರು ಕತ್ತರಿಸಿ, ತೊಟ್ಟಿಲಿಗೆ ಹಾಸಿದ ಹಾಗೆ ಹಾಸಿದ್ದ.

"ಕೂರಿಸಿದೀನಿ. ವೈರು ಮುಟ್ಟಿಲ್ಲ. ಪುಸ್ತಕ ಪೂರಾ ಇಂಗ್ಲಿಷಲ್ಲಿದೆ, ನೀನು ಓದು. ಎರಡೇ ವೈರು ಇರೋ ಕಡೆ ಮಾತ್ರ ನಾನು ನೋಡ್ತೀನಿ," ಎಂದ.

ಪುಷ್ಪ ಅಡುಗೆಮನೆಯಿಂದ ಇಣುಕಿ, ನಾವಿಬ್ಬರೂ ಮಾತಾಡುತ್ತಿರುವುದನ್ನು ನೋಡಿ ಒಳಗೆ ಹೋದಳು. ಆ ದಿನ ಊಟಕ್ಕೆ ಹೋಳಿಗೆ ಇತ್ತು. ಹಬ್ಬ ಯಾವುದೂ ಇರಲಿಲ್ಲ.

ಮ್ಯಾಪಿಂಗ್, ಅಂದರೆ ಡಬ್ಬಿಗೆ ನಮ್ಮ ಲೆಕ್ಕ ತುಂಬುವ ಕೆಲಸ, ಮಾಡಿದ್ದು ಬೀರೂರಿನ ಹೊರಗಿನ ಒಂದು ಹೊಸ ಬಡಾವಣೆಯಲ್ಲಿ. ಸೈಟಿನ ಕಲ್ಲು ನೆಟ್ಟಿದ್ದಾರೆ, ಟಾರು ಹಾಕಿದ್ದಾರೆ, ಹೆಬ್ಬಾಗಿಲಿಗೆ ಕಮಾನು ಕಟ್ಟಿದ್ದಾರೆ, ಮನೆ ಮಾತ್ರ ಒಂದೂ ಇಲ್ಲ. ಮಾಲೀಕರು ನನ್ನ ಗಿರಾಕಿ. ಗೇಟಿನ ಬೀಗದ ಕೈ ಕೊಟ್ಟು, "ಮೇಕೆ ನೋಡ್ಕೊಂಡು ಓಡ್ಸಿ," ಎಂದಿದ್ದರು. ಬೆಳಿಗ್ಗೆ ಏಳಕ್ಕೇ ಹೋದೆವು. ಪುಷ್ಪ ಸುಮಿತ್ರರೂ ಬಂದು, ಮೂವತ್ತು-ನಲವತ್ತರ ಒಂದು ಸೈಟಿನಲ್ಲಿ ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕೂತರು. ಅಡುಗೆಮನೆ ಯಾವ ಮೂಲೆಗೆ ಬರಬೇಕು ಎಂದು ಚರ್ಚೆಯೂ ಶುರುವಾಯಿತು.

ಲ್ಯಾಪ್‌ಟಾಪಿನಲ್ಲಿ ಡಬ್ಬಿಯ ಲೆಕ್ಕ ತೆರೆದು ತೋರಿಸಿದೆ. ಅಡ್ಡ ಸಾಲಿನಲ್ಲಿ ಎಂಜಿನ್ನಿನ ವೇಗ, ಉದ್ದ ಸಾಲಿನಲ್ಲಿ ಆಕ್ಸಿಲರೇಟರ್. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ. ಕಲ್ಲೇಶಿ ಕನ್ನಡಕ ಮೂಗಿಗೆ ಇಳಿಸಿ ನೋಡಿ, "ಮಗ್ಗಿ ಕೋಷ್ಟಕ ಕಣೋ ಇದು!" ಎಂದ. ಕಿವಿಯಲ್ಲಿ ಇಷ್ಟು ವರ್ಷ ಹಿಡಿದಿಟ್ಟುಕೊಂಡಿದ್ದನ್ನೆಲ್ಲ ಯಾರೋ ಚೌಕಾಬಾರದ ಮನೆಗಳಲ್ಲಿ ಬರೆದಿಟ್ಟ ಹಾಗಿತ್ತು ಅವನಿಗೆ.

ಮೊದಲ ಸಲ ಹೋಗಿ ಅರ್ಧಕ್ಕೇ ವಾಪಸು ಬಂದ. "ದೀಪ ಹತ್ತಿತು. ಮೂರನೇ ಗೇರಲ್ಲಿ, ಮುಕ್ಕಾಲು ತಿರುವಿದಾಗ." ನಾನು ಆ 'ಮನೆ' ಹುಡುಕುವ ಮೊದಲೇ ಅವನ ಗ್ರೀಸಿನ ಬೆರಳು ಪರದೆಯ ಮೇಲೆ ಅಲ್ಲಿಗೇ ಹೋಗಿತ್ತು. ಕಿಡಿಯನ್ನು ಎರಡು ಡಿಗ್ರಿ ತಡ ಮಾಡಿಸಿದ, ಅಕ್ಕಪಕ್ಕದ ಮನೆಗಳಿಗೂ ಸ್ವಲ್ಪ ಹಂಚಿದ, ಪೆಟ್ರೋಲು ಒಂದು ಚಿಟಿಕೆ ಹೆಚ್ಚಿಸಿದ. ಮತ್ತೆ ಹೋದ, ಮತ್ತೆ ಬಂದ. ಒಂದೊಂದು ಸಲವೂ ಬೇರೆ ಮನೆ. ವಿಜಯಲಕ್ಷ್ಮಿ ಫೋನಿನಲ್ಲಿ ಆಗಾಗ, "ಹೌದ್ರಿ, ಬರೋಬ್ಬರಿ ಹಂಗ ಮಾಡ್ರಿ," ಎನ್ನುತ್ತಿದ್ದಳು. ಕೊನೆಗೆ ಆಕೆ ಹೇಳುವ ಮೊದಲೇ ಇವನು ಮಾಡಿರುತ್ತಿದ್ದ.

ಬಿಸಿಲೇರುವ ಹೊತ್ತಿಗೆ ಒಂದು ಸಲ ಕಮಾನಿನ ಹತ್ತಿರದಿಂದ ಹೊರಟವನು ಪೂರಾ ತಿರುವಿ ಬಿಟ್ಟ. ಸದ್ದು ಒಂದೇ ಎಳೆಯಾಗಿ ಏರುತ್ತಾ ನಮ್ಮ ಮುಂದೆ ಹಾದುಹೋಯಿತು; ಚಾಪೆಯ ಮೇಲಿದ್ದ ಬಾಳೆಲೆ ಹಾರಿತು; ಮೇಕೆಗಳು ಪೂರ್ವಕ್ಕೆ ಮುಖ ಮಾಡಿದ ಸೈಟಿನಿಂದ ಪಶ್ಚಿಮದ ಸೈಟಿಗೆ ಓಡಿದವು. ದಾರಿಯ ಕೊನೆಯಲ್ಲಿ ನಿಲ್ಲಿಸಿ, ನಿಧಾನಕ್ಕೆ ತಿರುಗಿ ಬಂದ. ಹೆಲ್ಮೆಟ್ ತೆಗೆದರೆ ಮುಖವೆಲ್ಲ ನಗು.

"ಹತ್ತಲಿಲ್ಲ ಕಣೋ! ಒಂದ್ ಸಲಾನೂ ಹತ್ತಲಿಲ್ಲ!"

ಎಷ್ಟು ಜೋರಾಗಿ ಕೂಗಿದನೆಂದರೆ ಫೋನಿನ ಆ ಕಡೆ ಹುಬ್ಬಳ್ಳಿಯಲ್ಲಿ ಇಬ್ಬರೂ ಚಪ್ಪಾಳೆ ತಟ್ಟಿದ್ದು ನಮಗೆ ಕೇಳಿಸಿತು.

ರೇಸಿಗೂ ಹೋಗಿ ಬಂದೆವು. ಅವನ ತರಗತಿಯಲ್ಲಿ ಹನ್ನೊಂದು ಗಾಡಿ, ಇವನು ಐದನೆಯವನು. ಗೆದ್ದವನು ಅವನ ಅರ್ಧ ವಯಸ್ಸಿನವನು. ಆತ ಬಂದು ಸೀಟಿನ ಕೆಳಗೆ ಇಣುಕಿ, "ಯಾವ ಇಸಿಯು ಅಂಕಲ್?" ಎಂದು ಕೇಳಿದ. ಕಲ್ಲೇಶಿ ಅವನನ್ನು ಕೂರಿಸಿಕೊಂಡು ಒಂದು ಗಂಟೆ ವಿವರಿಸಿದ, ನನ್ನ ಎರಡು ವೈರಿನ ಕತೆಯನ್ನೂ ಸೇರಿಸಿ.

ವಾಪಸು ಬರುವ ದಾರಿಯಲ್ಲಿ, ಬಾಡಿಗೆಗೆ ಹಿಡಿದ ಗೂಡ್ಸ್ ಟೆಂಪೋದ ಹಿಂಭಾಗದಲ್ಲಿ ಬೈಕಿನ ಪಕ್ಕ ಕೂತಿದ್ದಾಗ, ಪುಷ್ಪ ಅವನ ತೋಳು ತಟ್ಟಿ, ಮುಖ ತನ್ನ ಕಡೆ ತಿರುಗಿಸಿ ಹೇಳಿದಳು: "ಗಾಡಿಗೆ ಒಂದು ಡಬ್ಬಿ ಆರಿಸಕ್ಕೆ ಮೂರು ತಿಂಗಳು ತಗೊಂಡ್ರಿ. ನಾನೇನಾದ್ರೂ ಅಂದ್ನಾ? ಈಗ ಕಿವಿಗೊಂದು ಆರಿಸ್ಕೊಳ್ಳಿ. ಮೂರೇ ದಿನ ಕೊಡ್ತೀನಿ." ಕಲ್ಲೇಶಿ ನನ್ನ ಮುಖ ನೋಡಿದ. ನಾನು ಹಗ್ಗ ಬಿಗಿಯಾಗಿದೆಯೇ ಎಂದು ನೋಡುತ್ತಿದ್ದೆ.

ನನ್ನ ಬೈಕಿನಲ್ಲೇ ಶಿವಮೊಗ್ಗಕ್ಕೆ ಹೋದೆವು. ಕಿವಿಯ ಮೆಶಿನ್ ಕೊಡುವ ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ ಅವನನ್ನು ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಕಂಪ್ಯೂಟರಿನಲ್ಲಿ ಗೆರೆ ತೋರಿಸಿದಳು. ದಪ್ಪ ಸದ್ದಿನ ಕಡೆ ಗೆರೆ ಮೇಲಿತ್ತು, ಸಣ್ಣ ಸದ್ದಿನ ಕಡೆ ಗುಡ್ಡ ಇಳಿದ ಹಾಗೆ ಇಳಿದಿತ್ತು. ಹೋಗುವ ದಾರಿಯುದ್ದಕ್ಕೂ ಮುಖ ಸಿಂಡರಿಸಿಕೊಂಡಿದ್ದ ಕಲ್ಲೇಶಿ ಆ ಗೆರೆ ಕಂಡದ್ದೇ ಕುರ್ಚಿ ಮುಂದೆಳೆದುಕೊಂಡ.

"ಇಲ್ಲಿ ಮಾತ್ರ ಏರಿಸಬಹುದಾ ಮೇಡಂ? ಅಕ್ಕಪಕ್ಕದ್ದು ಹಂಗೇ ಬಿಟ್ಟು?"

"ಬಹುದು ಸರ್. ಪ್ರತಿ ಬ್ಯಾಂಡೂ ಬೇರೆ ಬೇರೆ ಸೆಟ್ ಮಾಡ್ತೀವಿ."

"ಕಂಪನಿ ಬೀಗ ಇದೆಯಾ? ಬೆವರಿಗೆ ತಡೆಯುತ್ತಾ? ನಾಳೆ ಕೆಟ್ಟರೆ ನೀವೇ ನೋಡ್ತೀರೋ ಬೆಂಗಳೂರಿಗೆ ಕಳಿಸ್ತೀರೋ?"

ಆಕೆ ಎಲ್ಲಕ್ಕೂ ಉತ್ತರ ಕೊಟ್ಟಳು. ಎಲ್ಲಕ್ಕಿಂತ ದುಬಾರಿಯದನ್ನು ತೋರಿಸಿದಾಗ, "ಬೇಡಮ್ಮ, ಇದು ಎಂಟು ಸಿಲಿಂಡರಿಂದು," ಎಂದ. ಆಕೆಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಮಧ್ಯದ್ದೊಂದನ್ನು ಆರಿಸಿ ಕಿವಿಗೆ ಹಾಕಿ, ಮೌಸ್ ಹಿಡಿದು ಗೆರೆ ಏರಿಸಿದಳು. ಕಲ್ಲೇಶಿ ಒಮ್ಮೆ ಬೆಚ್ಚಿದ. ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ, ಆಕೆಯ ಬಳೆಗಳನ್ನು ನೋಡಿದ. ನಾನು ಏನಾದರೂ ಕೇಳಿದರೆ ಅವನು ಅತ್ತುಬಿಡಬಹುದು ಎನಿಸಿ ಗೋಡೆಯ ಮೇಲಿದ್ದ ಕಿವಿಯ ಚಿತ್ರ ಓದುತ್ತಾ ನಿಂತೆ.

ಹೊರಗೆ ಬಂದು ನನ್ನ ಬೈಕ್ ಸ್ಟಾರ್ಟ್ ಮಾಡಿದೆ. ಹಿಂದೆ ಹತ್ತಲು ಕಾಲೆತ್ತಿದವನು ಹಾಗೇ ನಿಂತ.

"ಆಫ್ ಮಾಡು." ಮಾಡಿದೆ. "ಆನ್ ಮಾಡು." ಮಾಡಿದೆ. ಅವನು ಟ್ಯಾಂಕಿನ ಮೇಲೆ ಕೈ ಇಡಲಿಲ್ಲ. ತಲೆ ಸ್ವಲ್ಪ ವಾರೆ ಮಾಡಿ ನಿಂತಿದ್ದ.

"ಟಿಕ್‌ಟಿಕ್ ಅಂತ ಟ್ಯಾಪೆಟ್ ಬಡೀತಿದೆಯಲ್ಲೋ ಇದು. ಯಾವಾಗ್ಲಿಂದ?"

"ಒಂದೂವರೆ ವರ್ಷ ಆಯ್ತೇನೋ."

"ಒಂದೂವರೆ ವರ್ಷ! ವಾರವಾರ ನನ್ನ ಗ್ಯಾರೇಜಿನ ಮುಂದೇನೇ ನಿಲ್ಲಿಸ್ತೀಯ. ಬಾಯಿ ಬಿಟ್ಟು ಹೇಳಕ್ಕೇನಾಗಿತ್ತೋ ನಿನಗೆ, ಕತ್ತೆ?"

ಅಲ್ಲಿಂದ ತರೀಕೆರೆ ಮುಟ್ಟುವವರೆಗೂ ಅವನು ಹಿಂದಿನ ಸೀಟಿನಲ್ಲಿ ಕೂತು ನನ್ನನ್ನು ಬೈಯುತ್ತಲೇ ಬಂದ. ನನ್ನ ಕಿವಿಗಷ್ಟೇ ಬೀಳುವಷ್ಟು ಮೆತ್ತಗೆ.